ಅಜ್ಜನ ಅತ್ತರು ಏಕೆ ಮಾಸುತ್ತಿರಲಿಲ್ಲ?

ಪ್ರಶ್ನೆ: ಆರತಕ್ಷತೆಗೆ ಹೊರಟಾಗ ಅಜ್ಜ ಹಚ್ಚಿಕೊಳ್ಳುತ್ತಿದ್ದ ಅತ್ತರು ನಡುರಾತ್ರಿವರೆಗೂ ಘಮಘಮಿಸುತ್ತಿತ್ತು. ನನ್ನ ಸ್ಪ್ರೇ ಊಟದ ಹೊತ್ತಿಗೇ ಮಾಯ. ಏಕೆ?

ಉತ್ತರ: ಸ್ಪ್ರೇಯಲ್ಲಿ ಬಹುಪಾಲು ಆಲ್ಕೋಹಾಲ್. ಅದು ಕ್ಷಣದಲ್ಲಿ ಆರಿ, ನಿಂಬೆಯಂಥ ಹಗುರ ಪರಿಮಳಗಳು ಬೇಗನೆ ಹಾರಿಹೋಗುತ್ತವೆ. ಸಾಂಪ್ರದಾಯಿಕ ಅತ್ತರಿನ ಜೀವ ಗಂಧದೆಣ್ಣೆ. ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಗುಲಾಬಿ, ನೀರು ಹಾಕಿ ಕಾಯಿಸುತ್ತಾರೆ. ಹಬೆ ಬಿದಿರಿನ ಕೊಳವೆಯಲ್ಲಿ ಹರಿದು, ನೀರಲ್ಲಿ ತಂಪಾಗಿರುವ ಪಾತ್ರೆಯ ಗಂಧದೆಣ್ಣೆಗೆ ಇಳಿಯುತ್ತದೆ. ಆ ಎಣ್ಣೆಯಲ್ಲಿರುವ ಸ್ಯಾಂಟಲಾಲ್ ಎಂಬ ಅಂಶ ಬಹಳ ನಿಧಾನವಾಗಿ ಆವಿಯಾಗುವಂಥದ್ದು, ಹೂವಿನ ಕಂಪನ್ನೂ ಹಿಡಿದಿಡುತ್ತದೆ. ನಮ್ಮ ಮೈಸೂರಿನಲ್ಲಿ 1916ರಿಂದಲೇ ಈ ಎಣ್ಣೆ ತೆಗೆಯುವ ಸರ್ಕಾರಿ ಕಾರ್ಖಾನೆ ಇದೆ.

ಮಣಿಕಟ್ಟಿಗೆ, ಕಿವಿಯ ಹಿಂದೆ ಅತ್ತರಿನ ಒಂದೊಂದು ಹನಿ ಸಾಕು. ಮೈಯ ಬಿಸಿಗೆ ಅದು ಮೆಲ್ಲಗೆ ಅರಳುವುದೇ ಚೆಂದ. ರೇಷ್ಮೆಗೆ ಮಾತ್ರ ತಾಕಿಸಬೇಡಿ, ಎಣ್ಣೆಯ ಕಲೆ ಉಳಿಯುತ್ತದೆ.