ಬೇಸರವನ್ನು ಕ್ಯಾಮೆರಾದಲ್ಲಿ ತೆಗೆಯುವುದು ಹೇಗೆ?

ಕಾಲೇಜಿನ ವಾರ್ಷಿಕೋತ್ಸವಕ್ಕೆ ಐದು ನಿಮಿಷದ ಕಿರುಚಿತ್ರ ಮಾಡೋಣವೆಂದು ಹೊರಟಾಗ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಗಲ್ಫ್‌ನಲ್ಲಿ ದುಡಿಯುವ ಉಪ್ಪ ಈದ್‌ಗೆ ಊರಿಗೆ ಬರಲಾಗದ ಕಥೆ. "ಉಮ್ಮನಿಗೆ ತುಂಬಾ ಬೇಸರವಾಗಿತ್ತು" ಎಂದು ಶುರು ಮಾಡಿದ್ದೆ. ಓದಿದ ಕನ್ನಡ ಉಪನ್ಯಾಸಕರು ಕೇಳಿದರು: "ಈ ಬೇಸರವನ್ನು ತೆಗೆಯಲು ಕ್ಯಾಮೆರಾ ಎಲ್ಲಿಡುತ್ತೀ?"

ಚಿತ್ರಕಥೆಯ ಮೊದಲ ಪಾಠ ಅದೇ. ಕಥೆಯಲ್ಲಿ ಮನಸ್ಸಿನೊಳಗಿನದನ್ನು ನೇರವಾಗಿ ಹೇಳಬಹುದು. ಚಿತ್ರಕಥೆಯಲ್ಲಿ ಕಾಣುವುದನ್ನು ಮತ್ತು ಕೇಳುವುದನ್ನು ಮಾತ್ರ ಬರೆಯಬೇಕು.

ಬರೆಯುವ ಕ್ರಮ ಸರಳ. ಪ್ರತಿ ದೃಶ್ಯದ ತಲೆಯಲ್ಲಿ ಮೂರು ವಿಷಯ ಇರಬೇಕು: ಒಳಾಂಗಣವೋ ಹೊರಾಂಗಣವೋ, ಯಾವ ಜಾಗ, ಹಗಲೋ ರಾತ್ರಿಯೋ. ಅದರ ಕೆಳಗೆ ನಡೆಯುವ ಕ್ರಿಯೆಯನ್ನು ವರ್ತಮಾನ ಕಾಲದಲ್ಲಿ ಬರೆದು, ನಂತರ ಪಾತ್ರದ ಹೆಸರು ಮತ್ತು ಮಾತು ಬರೆಯಬೇಕು. ಸಾಮಾನ್ಯವಾಗಿ ಒಂದು ಪುಟಕ್ಕೆ ಒಂದು ನಿಮಿಷ ಎಂಬುದು ಲೆಕ್ಕ. ಪಾತ್ರಕ್ಕೆ ಏನು ಬೇಕು, ಅದಕ್ಕೆ ಅಡ್ಡಿ ಏನು ಎಂಬುದು ಬರೆಯುವ ಮೊದಲೇ ನಮಗೆ ಗೊತ್ತಿರಬೇಕು.

ಇದಕ್ಕೆ ನಮ್ಮ ಕರಾವಳಿಯದೇ ಉದಾಹರಣೆ ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008). ವೈದೇಹಿಯವರ ಕಥೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. ಚಿತ್ರಕಥೆಯಲ್ಲಿ ಕಾಲ ಕಾರ್ಗಿಲ್ ಯುದ್ಧದ ದಿನಗಳಿಗೆ ಸರಿದು, ಟಿ.ವಿ. ಮತ್ತು ಡಿಶ್ ಆಂಟೆನಾ ಬಂದವು. ಅವು ಬಂದದ್ದು ಮೀನುಗಾರರ ಊರಿನಲ್ಲಿರುವ ಮುಸ್ಲಿಂ ಸೂಲಗಿತ್ತಿ ಗುಲಾಬಿಯ ಮನೆಗೆ. ಟಿ.ವಿ. ನೋಡಲು ಯಾರು ಒಳಗೆ ಬರುತ್ತಾರೆ, ಯಾರು ಹೊಸ್ತಿಲ ಆಚೆಯೇ ನಿಲ್ಲುತ್ತಾರೆ ಎಂಬುದರಲ್ಲೇ ಊರಿನ ಮನಸ್ಸು ಕಾಣುತ್ತದೆ. ಅದನ್ನು ಯಾವ ಪಾತ್ರವೂ ಭಾಷಣ ಮಾಡಿ ಹೇಳಬೇಕಾಗಿಲ್ಲ. ಗುಲಾಬಿಯಾಗಿ ನಟಿಸಿದ ಉಮಾಶ್ರೀ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು.

ನಾನು ಮತ್ತೆ ಬರೆಯಲು ಕುಳಿತೆ.

"ದೃಶ್ಯ 1. ಒಳಾಂಗಣ. ಮನೆ. ಈದ್‌ನ ಹಿಂದಿನ ರಾತ್ರಿ. ಉಮ್ಮ ಫೋನಿನಲ್ಲಿ ಮಾತನಾಡುತ್ತಾ ಉಪ್ಪನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾರೆ.
ಉಮ್ಮ: ಇಲ್ಲಿ ಎಲ್ಲ ಚೆನ್ನಾಗಿದೆ. ನೀವು ಚಿಂತೆ ಮಾಡಬೇಡಿ.
ಫೋನ್ ಇಡುತ್ತಾರೆ. ಅಂಗಿಯನ್ನು ಮಡಚಿ ಮತ್ತೆ ಕಪಾಟಿನೊಳಗೆ ಇಡುತ್ತಾರೆ."

'ಬೇಸರ' ಎಂಬ ಪದ ಎಲ್ಲೂ ಇಲ್ಲ. ಉಪನ್ಯಾಸಕರು ಓದಿ, "ಈಗ ಕ್ಯಾಮೆರಾ ಇಡಬಹುದು" ಎಂದರು.

ಆದರೆ ಇದನ್ನು ಬರೆಯುವಾಗ ನನಗೆ ಒಂದು ವಿಷಯ ಚುಚ್ಚಿತು. ಪ್ರತಿ ಹಬ್ಬಕ್ಕೂ ನಮ್ಮ ಮನೆಯಲ್ಲಿ ಇದೇ ಫೋನ್ ಬರುತ್ತದೆ. ಫೋನ್ ಇಟ್ಟ ಮೇಲೆ ಉಮ್ಮ ಏನು ಮಾಡುತ್ತಾರೆಂದು ನಾನು ಒಮ್ಮೆಯೂ ಗಮನಿಸಿರಲಿಲ್ಲ. ನೀವೂ ಬರೆಯುವುದಾದರೆ ಮೊದಲು ಮನೆಯವರನ್ನು ಒಂದು ದಿನ ಸುಮ್ಮನೆ ನೋಡಿ. ಪೆನ್ನು ಆಮೇಲೆ ಹಿಡಿದರಾಯಿತು.