ಒಂದು ಕುರ್ಚಿ, ಇಬ್ಬರು ಅಧಿಕಾರಿಗಳು: ಜೋಡಿ ರೂಟರ್ ನಡೆಯುವುದು ಹೀಗೆ

ಜಹೀರಾಬಾದ್: ‘ಸರ್ವರ್ ಡೌನ್’ ಎಂಬ ಮಾತು ಗಡಿಭಾಗದ ಜನರಿಗೆ ಎರಡೂ ಭಾಷೆಯಲ್ಲಿ ಬಾಯಿಪಾಠ. ಬೀದರ್ ಕಡೆಯ ನಾಡಕಚೇರಿಗೆ ಹೋದರೂ ಅದೇ, ನಾರಾಯಣಖೇಡ್ ಕಡೆಯ ಮೀಸೇವಾ ಕೇಂದ್ರಕ್ಕೆ ಬಂದರೂ ‘ಸರ್ವರ್ ಪನಿಚೇಸ್ತಲೇದು’. ಪಹಣಿಗೆಂದು ಕೂಲಿ ಬಿಟ್ಟು ಬಂದವರು ಬಸ್ ಚಾರ್ಜ್ ಕಳೆದುಕೊಂಡು ವಾಪಸಾಗುತ್ತಾರೆ. ಆದರೆ ಎಷ್ಟೋ ಸಲ ದೂರದ ಸರ್ವರ್ ಚೆನ್ನಾಗಿಯೇ ಇರುತ್ತದೆ. ಕೆಟ್ಟಿರುವುದು ಅಲ್ಲಿಗೆ ಹೋಗುವ ದಾರಿ, ಅಂದರೆ ಕಚೇರಿಯ ಮೂಲೆಯಲ್ಲಿರುವ ರೂಟರ್ ಅಥವಾ ಅದರ ಹಿಂದಿನ ಕೇಬಲ್.

ಇದಕ್ಕೆ ಮದ್ದು ಹೊಸದೇನಲ್ಲ. ಒಂದರ ಬದಲು ಎರಡು ರೂಟರ್ ಇಡುವುದು. ಒಂದು ಕೆಲಸ ಮಾಡುತ್ತದೆ, ಇನ್ನೊಂದು ಕಾಯುತ್ತದೆ. ಇದರ ನಿಯಮ ವಿಆರ್‌ಆರ್‌ಪಿ ಎಂಬ ಹೆಸರಿನಲ್ಲಿ 1998ರಲ್ಲೇ ಪ್ರಕಟವಾಯಿತು. ಇತ್ತೀಚಿನ ಪರಿಷ್ಕರಣೆ 2024ರದು.

ತಹಸೀಲ್ದಾರರು ರಜೆ ಹಾಕಿದರೆ ಇನ್‌ಚಾರ್ಜ್ ಒಬ್ಬರು ಬಂದು ಕೂರುತ್ತಾರೆ. ಅರ್ಜಿ ಬರೆಯುವವರು ‘ತಹಸೀಲ್ದಾರರಿಗೆ’ ಎಂದೇ ಬರೆಯುತ್ತಾರೆ. ಕುರ್ಚಿಯಲ್ಲಿ ಯಾರಿದ್ದಾರೆ ಎಂದು ಕೇಳುವುದಿಲ್ಲ. ಜೋಡಿ ರೂಟರ್‌ಗಳೂ ಹಾಗೆಯೇ. ಎರಡಕ್ಕೂ ಸ್ವಂತ ಐಪಿ ವಿಳಾಸ ಇರುತ್ತದೆ, ಜೊತೆಗೆ ಇಬ್ಬರಿಗೂ ಸೇರಿದ ಮೂರನೆಯ ವಿಳಾಸವೊಂದು. ಅದೇ ಕುರ್ಚಿ. ಕಚೇರಿಯ ಕಂಪ್ಯೂಟರ್‌ಗಳಿಗೆ ಗೊತ್ತಿರುವುದು ಆ ವಿಳಾಸ ಮಾತ್ರ. ಕುರ್ಚಿಯಲ್ಲಿರುವ ರೂಟರ್ ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ‘ಇದ್ದೇನೆ’ ಎಂದು ಸಾರುತ್ತದೆ. ಸತತ ಮೂರು ಸಲ ಸದ್ದಿಲ್ಲದಿದ್ದರೆ ನಾಲ್ಕು ಸೆಕೆಂಡಿನೊಳಗೆ ಇನ್ನೊಂದು ಬಂದು ಕೂರುತ್ತದೆ. ಕಂಪ್ಯೂಟರ್ ಮುಂದೆ ಕುಳಿತವರಿಗೆ ಪುಟ ತುಸು ತಡವಾಗಿ ತೆರೆದಂತೆ ಕಾಣಬಹುದು, ಅಷ್ಟೇ.

ಇಷ್ಟಕ್ಕೇ ಮುಗಿಯುವುದಿಲ್ಲ. ಪೆಟ್ಟಿಗೆಗಳಿಗೆ ಹೆಸರಿಡುವಾಗಲೇ ಅನೇಕರು ಎಡವುತ್ತಾರೆ. ಒಂದಕ್ಕೆ ‘ಮೇನ್’, ಇನ್ನೊಂದಕ್ಕೆ ‘ಸ್ಟ್ಯಾಂಡ್‌ಬೈ’ ಎಂದು ಬರೆದುಬಿಡುತ್ತಾರೆ. ಒಂದು ರಾತ್ರಿ ಕರೆಂಟ್ ಹೋಗಿ ಪಾತ್ರ ಅದಲುಬದಲಾದರೆ ‘ಸ್ಟ್ಯಾಂಡ್‌ಬೈ’ ಕೆಲಸ ಮಾಡುತ್ತಿರುತ್ತದೆ, ‘ಮೇನ್’ ಸುಮ್ಮನಿರುತ್ತದೆ. ಬೆಳಿಗ್ಗೆ ಹೈದರಾಬಾದ್‌ನಿಂದ ಫೋನಿನಲ್ಲಿ ‘ಸ್ಟ್ಯಾಂಡ್‌ಬೈ ಆಫ್ ಮಾಡಿ’ ಎಂದರೆ, ಹುಡುಗ ನಡೆಯುತ್ತಿರುವುದನ್ನೇ ಆಫ್ ಮಾಡುತ್ತಾನೆ! ಪಾತ್ರ ಬದಲಾಗುವಂಥದ್ದು, ಹೆಸರು ಹಾಗಲ್ಲ. ಆದ್ದರಿಂದ ಊರು, ಉಪಕರಣದ ಬಗೆ, ಅಂಕಿ ಇಷ್ಟಿದ್ದರೆ ಸಾಕು.

ಊರಿನ ಹೆಸರಿನಲ್ಲೂ ಎಚ್ಚರ ಬೇಕು. ಜಹೀರಾಬಾದ್ ಎಂದು ಇಂಗ್ಲಿಷಿನಲ್ಲಿ ಒಬ್ಬರು ಒಂದು ‘ಐ’ ಹಾಕುತ್ತಾರೆ, ಇನ್ನೊಬ್ಬರು ಎರಡು ‘ಇ’. ರೈಲ್ವೆಯವರ ಸಂಕೇತ ಹಿಡಿದರೆ ಈ ಜಗಳವಿಲ್ಲ: ಜಹೀರಾಬಾದ್‌ಗೆ ಜೆಡ್‌ಬಿ, ತಾಂಡೂರಿಗೆ ಟಿಡಿಯು. ಆಗ ತಾಂಡೂರಿನ ಜೋಡಿ ಟಿಡಿಯು-ಆರ್‌ಟಿ-01 ಮತ್ತು 02 ಆಗುತ್ತದೆ. ರೈಲು ಕಾಣದ ನಾರಾಯಣಖೇಡ್‌ಗೆ ಸಂಕೇತವನ್ನು ತಾವೇ ಒಮ್ಮೆ ನಿಶ್ಚಯಿಸಿ ಬರೆದಿಡಬೇಕು. ಜಿಲ್ಲೆಯ ಹೆಸರಂತೂ ಬೇಡವೇ ಬೇಡ. ಈ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: 1956ಕ್ಕೆ ಮೊದಲು ಬೀದರ್, ಗುಲ್ಬರ್ಗಾ ಜಿಲ್ಲೆಗಳಲ್ಲಿದ್ದ ಈ ತಾಲ್ಲೂಕುಗಳು ಮುಂದೆ ಮೇದಕ್, ರಂಗಾರೆಡ್ಡಿ ಸೇರಿ, 2016ರ ಅಕ್ಟೋಬರ್‌ನಲ್ಲಿ ಸಂಗಾರೆಡ್ಡಿ, ವಿಕಾರಾಬಾದ್ ಪಾಲಾದವು. ಊರು ಇದ್ದಲ್ಲೇ ಇದೆ.

ಇನ್ನು ಸೆಟ್ಟಿಂಗ್. ಗುಂಪಿನ ಸಂಖ್ಯೆ ಮತ್ತು ಕುರ್ಚಿಯ ವಿಳಾಸ ಎರಡರಲ್ಲೂ ಒಂದೇ ಇರಬೇಕು. ಆದ್ಯತೆಯ ಅಂಕಿ ಮಾತ್ರ ಬೇರೆ: ಒಂದಕ್ಕೆ 110, ಇನ್ನೊಂದಕ್ಕೆ 100 ಎಂಬಂತೆ. ದೊಡ್ಡ ಅಂಕಿಯದಕ್ಕೆ ಕುರ್ಚಿ. ಒಂದರಲ್ಲಿ ಮಾಡಿದ ಬದಲಾವಣೆಯನ್ನು ಇನ್ನೊಂದರಲ್ಲಿ ಮಾಡಲು ಮರೆತರೆ ಆ ತಪ್ಪು ಆಪತ್ತಿನ ದಿನವೇ ಬಯಲಾಗುತ್ತದೆ.

ಎರಡು ಅಪಾಯಗಳನ್ನು ನೆನಪಿಡಬೇಕು. ರೂಟರ್ ಚೆನ್ನಾಗಿದ್ದು ಹೊರಗಿನ ಕೇಬಲ್ ತುಂಡಾದರೆ, ಅದು ‘ಇದ್ದೇನೆ’ ಎಂದು ಸಾರುತ್ತಲೇ ಇರುತ್ತದೆ, ಕುರ್ಚಿ ಬಿಡುವುದಿಲ್ಲ. ಹೊರಗಿನ ದಾರಿ ಸತ್ತಾಗ ಆದ್ಯತೆ ತಾನಾಗಿ ಇಳಿಯುವಂತೆ ಸೆಟ್ ಮಾಡಬೇಕು; ಮೇಲಿನ ಉದಾಹರಣೆಯಲ್ಲಿ 20 ಇಳಿದರೆ ಸಾಕು. ಎರಡನೆಯದು, ರೂಟರ್‌ಗಳ ನಡುವಿನ ಸಂಪರ್ಕವೇ ಕಡಿದರೆ ಇಬ್ಬರೂ ತಾವೇ ತಹಸೀಲ್ದಾರ್ ಎಂದು ಕೂರುತ್ತಾರೆ. ಆಗ ಗೊಂದಲವೋ ಗೊಂದಲ. ನಡುವೆ ಎರಡು ದಾರಿ ಇಡುವುದು ಕ್ಷೇಮ.

ಜೋಡಿ ಎಂದ ಮೇಲೆ ಎಲ್ಲವೂ ಜೋಡಿಯಾಗಿರಬೇಕು. ಎರಡೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿದ್ದರೆ ಬ್ಯಾಟರಿ ಹೋದ ದಿನ ಎರಡೂ ಹೋಗುತ್ತವೆ. ಎರಡು ಫೈಬರ್ ಒಂದೇ ಕಾಲುವೆಯಲ್ಲಿದ್ದರೆ ಒಂದು ಜೆಸಿಬಿ ಸಾಕು. ಹಳ್ಳಿ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಭಾರತ್‌ನೆಟ್ ಯೋಜನೆಯೂ ಇದೇ ಪಾಠ ಕಲಿತಿದೆ. ಮೊದಲು ಮರದ ಕೊಂಬೆಯಂತೆ ಎಳೆದ ತಂತಿ ಒಂದೆಡೆ ಕಡಿದರೆ ಮುಂದಿನ ಹಳ್ಳಿಗಳೆಲ್ಲ ಕತ್ತಲು. 2023ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ₹1,39,579 ಕೋಟಿಯ ಪರಿಷ್ಕೃತ ಯೋಜನೆಗೆ ಒಪ್ಪಿತು. ಅದರಲ್ಲಿ ಫೈಬರ್ ಉಂಗುರದಂತೆ ಸುತ್ತಿಬರಬೇಕು. ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ದಾರಿ.

ಪರೀಕ್ಷೆ ಮಾತ್ರ ಸುಲಭ. ಜನವಿಲ್ಲದ ಭಾನುವಾರ ಕೆಲಸದಲ್ಲಿರುವ ರೂಟರ್‌ನ ಪ್ಲಗ್ ಕಿತ್ತು ನೋಡುವುದು, ಆಮೇಲೆ ಅದರ ಹೊರಗಿನ ಕೇಬಲ್. ಉಪಕರಣದೊಳಗಿನ ಹೆಸರಿಗೆ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ ಮಾತ್ರ ಬಳಸಬೇಕು, ಜಾಗ ಬಿಡುವಂತಿಲ್ಲ. ಮೇಲೆ ಅಂಟಿಸುವ ಚೀಟಿಗೆ ಅಂಥ ಕಟ್ಟಳೆ ಇಲ್ಲ. ಅಲ್ಲಿ ತೆಲುಗಿನಲ್ಲೂ ಕನ್ನಡದಲ್ಲೂ ಬರೆಯಬಹುದು.