ಟ್ರಕ್ ಎಂಜಿನ್‌ನ ಉಸಿರು: ಏರ್ ಇಂಟೇಕ್ ಬದಲಿಸಿದ್ರೆ ಎಷ್ಟು ಶಕ್ತಿ ಸಿಗತ್ತೆ?

ಡೆನ್ವರ್‌ನ ಕೇಳುಗರೊಬ್ಬರು ಕಳಿಸಿದ ಪ್ರಶ್ನೆಯೇ ಈ ಸಂಚಿಕೆಯ ವಿಷಯ. ಅವರ ಹತ್ರ 5.3 ಲೀಟರ್‌ನ ವಿ8 ಪೆಟ್ರೋಲ್ ಎಂಜಿನ್ ಇರುವ ಪಿಕಪ್ ಟ್ರಕ್ ಇದೆ. ರಜೆಯಲ್ಲಿ ಕ್ಯಾಂಪರ್ ಟ್ರೈಲರ್ ಎಳೆದುಕೊಂಡು ಐಸೆನ್‌ಹೋವರ್ ಸುರಂಗದ ಕಡೆ ಘಟ್ಟ ಹತ್ತುವಾಗ ಎಂಜಿನ್ ಏದುಸಿರು ಬಿಡತ್ತಂತೆ. ಹಿಂದೆ ವಾಹನಗಳ ಸಾಲು, ಒಳಗೆ ಮಕ್ಕಳು. 400 ಡಾಲರ್ ಕೊಟ್ಟು 'ಕೋಲ್ಡ್ ಏರ್ ಇಂಟೇಕ್' ಹಾಕಿಸಿದ್ರೆ ಸರಿಹೋಗತ್ತಾ ಅಂತ ಕೇಳಿದ್ದಾರೆ. ಉತ್ತರ ಮೊದಲೇ ಹೇಳಿಬಿಡ್ತೀವಿ: ಸರಿಹೋಗಲ್ಲ. ಯಾಕೆ ಅನ್ನೋದರಲ್ಲೇ ಸ್ವಾರಸ್ಯ ಇರೋದು.

ಎಂಜಿನ್ ಅಂದ್ರೆ ಮೂಲತಃ ಒಂದು ಗಾಳಿಯ ಪಂಪು. ನಾಲ್ಕು ಸ್ಟ್ರೋಕ್‌ನ ಎಂಜಿನ್ ಎರಡು ಸುತ್ತಿಗೊಮ್ಮೆ ಹೆಚ್ಚುಕಡಿಮೆ ತನ್ನ ಗಾತ್ರದಷ್ಟು ಗಾಳಿ ಎಳೆದುಕೊಳ್ಳತ್ತೆ. ನಿಮಿಷಕ್ಕೆ 5,000 ಸುತ್ತು ತಿರುಗಿದ್ರೆ ಸುಮಾರು 13,000 ಲೀಟರ್. ಬೆಂಗಳೂರಿನ ಬೀದಿಗೆ ಬರುವ ದೊಡ್ಡ ನೀರಿನ ಟ್ಯಾಂಕರ್ ತುಂಬುವಷ್ಟು ಗಾಳಿ, ಒಂದೇ ನಿಮಿಷದಲ್ಲಿ! ಒಂದು ಕಿಲೋ ಪೆಟ್ರೋಲ್ ಸರಿಯಾಗಿ ಉರಿಯೋಕೆ 14.7 ಕಿಲೋ ಗಾಳಿ ಬೇಕು. ಪೆಟ್ರೋಲ್ ಹೆಚ್ಚು ಕೊಡೋದು ಸುಲಭ, ಗಾಳಿ ಕೊಡೋದೇ ಕಷ್ಟ. ಹಾಗಾಗಿ ಗಾಳಿಯ ದಾರಿ ಸಲೀಸು ಮಾಡಿದ್ರೆ ಶಕ್ತಿ ಹೆಚ್ಚತ್ತೆ ಅನ್ನೋ ತರ್ಕ ತಪ್ಪಲ್ಲ. ಪ್ರಶ್ನೆ ಇರೋದು ಎಷ್ಟು ಅನ್ನೋದರಲ್ಲಿ.

ಇದನ್ನು ಅಳೆಯಬಹುದು. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಫಿಲ್ಟರ್ ದಾಟಿದ ಗಾಳಿಯ ಒತ್ತಡ ಹೊರಗಿಗಿಂತ ಎಷ್ಟು ಇಳಿದಿದೆ ಅಂತ ಗೇಜ್‌ನಲ್ಲಿ ನೋಡೋದು. 20 ಸೆಂಟಿಮೀಟರ್ ನೀರಿನ ಎತ್ತರದಷ್ಟು ಇಳಿದಿದೆ ಅಂದ್ಕೊಳ್ಳಿ. ಅದು 2 ಕಿಲೋಪ್ಯಾಸ್ಕಲ್. ಸಮುದ್ರ ಮಟ್ಟದ ಗಾಳಿಯ ಒತ್ತಡ 101. ಅಂದ್ರೆ ಫಿಲ್ಟರು, ಪೈಪು ಎಲ್ಲ ಕಿತ್ತೆಸೆದರೂ ಸಿಗೋದು ಶೇಕಡಾ 2ರ ಆಸುಪಾಸು. ಕಿಟ್ ಹಾಕಿದರೆ ಇನ್ನೂ ಕಡಿಮೆ, ಯಾಕಂದ್ರೆ ಅದರಲ್ಲೂ ಫಿಲ್ಟರ್ ಇರತ್ತಲ್ಲ.

ಈಗ ಘಟ್ಟದ ಲೆಕ್ಕ ನೋಡೋಣ. ಡೆನ್ವರ್ ಇರೋದು 1,600 ಮೀಟರ್ ಎತ್ತರದಲ್ಲಿ; ಅಲ್ಲಿ ಗಾಳಿಯ ಒತ್ತಡ ಸುಮಾರು 83 ಕಿಲೋಪ್ಯಾಸ್ಕಲ್. ಸುರಂಗ ಇರೋದು 3,400 ಮೀಟರ್‌ನಲ್ಲಿ. ಅಲ್ಲಿ ಸುಮಾರು 67. ಸಮುದ್ರ ಮಟ್ಟಕ್ಕೆ ಹೋಲಿಸಿದ್ರೆ ಮೂರನೇ ಒಂದು ಭಾಗ ಗಾಳಿಯೇ ಮಾಯ, ಟರ್ಬೊ ಇಲ್ಲದ ಎಂಜಿನ್‌ನ ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯತ್ತೆ. (ಮಂಗಳೂರಿಂದ ಶಿರಾಡಿ ಹತ್ತಿ ಬೆಂಗಳೂರಿಗೆ ಬರೋ ಲಾರಿ ಕೂಡ ಶೇಕಡಾ 10ರಷ್ಟು ಗಾಳಿ ಕಳ್ಕೊಂಡಿರತ್ತೆ.) ಬೆಟ್ಟ ಮೂವತ್ತು ಕಿತ್ಕೊಂಡ ಜಾಗದಲ್ಲಿ ಕಿಟ್ ಎರಡು ವಾಪಸ್ ಕೊಡೋದು ಯಾವ ಮೂಲೆಗೆ?

ಇನ್ನು 'ಕೋಲ್ಡ್' ಅನ್ನೋ ಪದ. ತಣ್ಣನೆ ಗಾಳಿ ಸಾಂದ್ರವಾಗಿರತ್ತೆ ಅನ್ನೋದು ನಿಜ. ಆದರೆ ಕಂಪನಿ ಕೊಟ್ಟ ಮೂಲ ಡಬ್ಬಿ ಸಾಮಾನ್ಯವಾಗಿ ಬಾನೆಟ್ ಒಳಗಿನ ಬಿಸಿಯಿಂದಲ್ಲ, ಹೊರಗಿಂದಲೇ ಗಾಳಿ ತಗೊಳ್ಳತ್ತೆ. ಡಬ್ಬಿ ತೆಗೆದು ಬರಿಯ ಕೋನ್ ಫಿಲ್ಟರ್ ಕೂರಿಸೋ ಅಗ್ಗದ ಕಿಟ್‌ಗಳು ಎಂಜಿನ್‌ಗೆ ಅದರದೇ ಬಿಸಿಯುಸಿರು ಕುಡಿಸ್ತವೆ. 30 ಡಿಗ್ರಿ ಬದಲು 60 ಡಿಗ್ರಿ ಗಾಳಿ ಹೋದ್ರೆ ಸಾಂದ್ರತೆ ಶೇಕಡಾ 9ರಷ್ಟು ಕಡಿಮೆ. ನಿಧಾನವಾಗಿ, ಭಾರ ಎಳೆದು ಹತ್ತುವಾಗಲೇ ಇದು ಹೆಚ್ಚು. ಹಾಗಾಗಿ ಖರೀದಿಸೋದೇ ಆದ್ರೆ ಮುಚ್ಚಿದ ಡಬ್ಬಿ ಇರೋದನ್ನ ತಗೊಳ್ಳಿ. ಅದಕ್ಕೂ ಮೊದಲು ಒಂದು ಓಬಿಡಿ ರೀಡರ್ ಸಿಕ್ಕಿಸಿ, ಘಟ್ಟದಲ್ಲಿ ಒಳಗೆ ಹೋಗೋ ಗಾಳಿಯ ತಾಪ ಎಷ್ಟಿದೆ ಅಂತ ಪಕ್ಕದಲ್ಲಿ ಕೂತವರ ಹತ್ರ ಓದಿಸಿ. ಹೊರಗಿನ ತಾಪಕ್ಕಿಂತ ಐದಾರು ಡಿಗ್ರಿ ಮಾತ್ರ ಹೆಚ್ಚಿದ್ರೆ ಅಲ್ಲಿ ಗೆಲ್ಲೋಕೆ ಏನೂ ಉಳಿದಿಲ್ಲ.

ಎಣ್ಣೆ ಹಚ್ಚುವ ಹತ್ತಿ ಫಿಲ್ಟರ್ ಆದ್ರೆ ಎಣ್ಣೆ ಜಾಸ್ತಿ ಆಗದ ಹಾಗೆ ನೋಡ್ಕೊಳ್ಳಿ. ಮುಂದೆ ಗಾಳಿ ಅಳೆಯೋ ಸೆನ್ಸರ್‌ನ ಬಿಸಿ ತಂತಿಗೆ ಅದು ಅಂಟಿದ್ರೆ ಲೆಕ್ಕವೇ ತಪ್ಪತ್ತೆ.

ಹಾಕಿಸಿದವರೆಲ್ಲ 'ಗಾಡಿ ಹಾರ್ತಿದೆ' ಅಂತಾರಲ್ಲ? ಮೂಲ ಡಬ್ಬಿಯಲ್ಲಿ ಸದ್ದು ತಗ್ಗಿಸೋ ಗೂಡುಗಳಿರ್ತವೆ. ಅವು ಹೋದ್ಮೇಲೆ ಗುಡುಗು ಕೇಳತ್ತೆ. ಆ ಸದ್ದು ಇಷ್ಟ ಅಂತ ದುಡ್ಡು ಕೊಟ್ರೆ ನಮ್ಮ ತಕರಾರಿಲ್ಲ. ಮೈಲೇಜ್ ಆಸೆ ಮಾತ್ರ ಬೇಡ. ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಳಕು ಫಿಲ್ಟರ್ ಇದ್ದರೂ ಆಧುನಿಕ ಪೆಟ್ರೋಲ್ ಎಂಜಿನ್‌ಗಳ ಮೈಲೇಜ್ ಗಮನಾರ್ಹವಾಗಿ ಬದಲಾಗಲಿಲ್ಲ, ವೇಗವರ್ಧನೆ ಮಾತ್ರ ಕುಗ್ಗಿತು. ಯಾಕಂದ್ರೆ ಹೆದ್ದಾರಿಯಲ್ಲಿ ಸಮವೇಗದಲ್ಲಿ ಹೋಗುವಾಗ ಥ್ರಾಟಲ್ ಕವಾಟ ಅರೆಮುಚ್ಚಿರತ್ತೆ. ಗಾಳಿಯ ಕತ್ತು ಹಿಸುಕ್ತಿರೋದು ನಮ್ಮ ಕಾಲೇ, ಫಿಲ್ಟರ್ ಅಲ್ಲ.

ಹಾಗಾದ್ರೆ ಆ 400 ಡಾಲರ್ ಏನು ಮಾಡೋದು? ಮೊದಲು ಹೊಸ ಪೇಪರ್ ಫಿಲ್ಟರ್, ಅವಧಿ ಮುಗಿದಿದ್ರೆ ಸ್ಪಾರ್ಕ್ ಪ್ಲಗ್. ಆಮೇಲೆ ಟೋ-ಹಾಲ್ ಬಟನ್ ಒತ್ತಿ. ಗೇರ್ ಕೆಳಗೇ ನಿಂತು ಎಂಜಿನ್ ಹೆಚ್ಚು ಸುತ್ತು ತಿರುಗತ್ತೆ, ತೆಳು ಗಾಳಿಯನ್ನೇ ಹೆಚ್ಚು ಸಲ ಎಳೆದುಕೊಳ್ಳತ್ತೆ. ಇದಕ್ಕೆ ಖರ್ಚೇ ಇಲ್ಲ. ಟ್ರಕ್‌ನ ಆಕ್ಸಲ್ ಅನುಪಾತ 3.08 ಇದ್ರೆ, 3.73ಕ್ಕೆ ಬದಲಿಸಿದಾಗ ಅದೇ ಗೇರ್‌ನಲ್ಲಿ ಚಕ್ರಕ್ಕೆ ಹೋಗೋ ಟಾರ್ಕ್ ಶೇಕಡಾ 21 ಹೆಚ್ಚು. ಎಂಜಿನ್‌ನ ಗರಿಷ್ಠ ಶಕ್ತಿ ಹೆಚ್ಚಲ್ಲ, ನಿಜ, ಆದರೆ ಭಾರ ಎಳೆಯೋದು ಹಗುರಾಗತ್ತೆ. ನಾಲ್ಕು ಚಕ್ರದ ಡ್ರೈವ್ ಆದ್ರೆ ಎರಡೂ ಆಕ್ಸಲ್ ಬದಲಿಸಲೇಬೇಕು, ಹಾಗಾಗಿ ಬಿಲ್ 400 ಡಾಲರ್ ದಾಟತ್ತೆ. ಪ್ರತಿ ವಾರ ಘಟ್ಟ ಹತ್ತುವವರಾದ್ರೆ ಮುಂದಿನ ಟ್ರಕ್ ಟರ್ಬೊ ಇರೋದನ್ನ ನೋಡಿ: ತೆಳು ಗಾಳಿಯನ್ನ ಒತ್ತಿ ತುಂಬೋದೇ ಅದರ ಕೆಲಸ.

ಸಾಫ್ಟ್‌ವೇರ್ ಟ್ಯೂನ್ ಕೂಡ ಟರ್ಬೊ ಎಂಜಿನ್‌ಗಳಲ್ಲೇ ಹೆಚ್ಚು ಫಲ ಕೊಡೋದು. ಆದರೆ ಹೊಗೆ ನಿಯಂತ್ರಣ ಸಾಧನಗಳನ್ನ ತೆಗೆಯೋ, ಮಲಗಿಸೋ ಟ್ಯೂನ್ ಅಮೆರಿಕದ ಕ್ಲೀನ್ ಏರ್ ಕಾಯ್ದೆ ಪ್ರಕಾರ ಕಾನೂನುಬಾಹಿರ. ಕ್ಯಾಲಿಫೋರ್ನಿಯಾದ ಕೇಳುಗರು ಇಂಟೇಕ್ ಕಿಟ್ ಕೊಳ್ಳುವಾಗಲೂ ಅದಕ್ಕೆ ಅಲ್ಲಿನ ವಾಯು ಮಂಡಳಿಯ ಅನುಮತಿ ಸಂಖ್ಯೆ ಇದೆಯಾ ನೋಡ್ಕೊಳ್ಳಿ. ಇಲ್ಲದಿದ್ರೆ ಸ್ಮಾಗ್ ತಪಾಸಣೆಯಲ್ಲಿ ಗಾಡಿ ಫೇಲ್.